ಕುದುರೆ ಬೆನ್ನ ಮೇಲಿನ ಬಿಡಾರ

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ಭತ್ತದ ಸುಗ್ಗಿ ಮುಗಿದು ಗದ್ದೆಗಳಲ್ಲಿ ಬರೀ ಕೂಳೆ ಉಳಿಯುವ ಹೊತ್ತಿಗೆ ಬಯಲುಸೀಮೆಯ ಕಡೆಯಿಂದ ಕುರಿ ಹಿಂಡುಗಳು ಬಂದಿಳಿಯುತ್ತವೆ. ಹಿಂಡಿನ ಮುಂದೆ ಕಂಬಳಿ ಹೊದ್ದು ಕೋಲು ಹಿಡಿದ ಗಂಡಸರು, ಅಕ್ಕಪಕ್ಕ ನಾಯಿಗಳು, ಎಲ್ಲರಿಗಿಂತ ಹಿಂದೆ ಹೆಂಗಸರು ಹಗ್ಗ ಹಿಡಿದು ನಡೆಸಿಕೊಂಡು ಬರುವ ಒಂದೆರಡು ಕುದುರೆ. ಗಿಡ್ಡನೆಯ, ಗಟ್ಟಿ ಕಾಲಿನ ತಟ್ಟುಗಳವು. ಬೆನ್ನ ಮೇಲೆ ಮಡಚಿದ ತಾಡಪತ್ರಿ, ಗೂಟದ ಕಟ್ಟು, ಬಲೆ, ಜೋಳದ ಹಿಟ್ಟಿನ ಚೀಲ, ರೊಟ್ಟಿ ಹಂಚು, ಕೊಡ, ಹಾಸಿಗೆ, ಈಚೆಗೆ ಸಣ್ಣದೊಂದು ಸೋಲಾರ್ ತಗಡು. ಇಷ್ಟೇ ಸಂಸಾರ. ಇದನ್ನು ಹೊತ್ತ ಕುದುರೆ ಎಲ್ಲಿ ನಿಲ್ಲುತ್ತದೆಯೋ ಆ ರಾತ್ರಿಗೆ ಮನೆ ಅಲ್ಲೇ.

ಕಾಡಂಚಿನಲ್ಲಿ ಕುದುರೆ ಕಟ್ಟಿಕೊಂಡು ಬಿಡಾರ ಹೂಡುವುದು ಅಮೆರಿಕದಂಥ ದೇಶಗಳಲ್ಲಿ ದೊಡ್ಡ ಹವ್ಯಾಸ. ಕುದುರೆಯನ್ನು ಟ್ರೇಲರಿಗೆ ಹತ್ತಿಸಿಕೊಂಡು ಹೋಗಿ, ಅದಕ್ಕೆಂದೇ ಮೀಸಲಿಟ್ಟ ಅರಣ್ಯ ಶಿಬಿರಗಳಲ್ಲಿ ವಾರದ ಕೊನೆ ಕಳೆದು ಬರುತ್ತಾರೆ. ಬೆಳಗಾವಿಯ ಹುಡುಗರೂ ಈಗ ಶನಿವಾರ ಬಂತೆಂದರೆ ಬೈಕಿಗೆ ಟೆಂಟು ಕಟ್ಟಿ ಜಾಂಬೋಟಿ, ಚೋರ್ಲಾ ಕಡೆಗೆ ಹೊರಡುತ್ತಾರೆ. ಅದೇ ತಾಲ್ಲೂಕಿನ ಗದ್ದೆಗಳಲ್ಲಿ ಕುದುರೆ, ಬಿಡಾರ, ಅಡವಿ ಮೂರನ್ನೂ ಅಂಗೈಯ ಗೆರೆಯಂತೆ ಬಲ್ಲ ಜನ ತಲೆಮಾರುಗಳಿಂದ ಬೀಡುಬಿಡುತ್ತಿದ್ದಾರೆ. ಅವರು ಬಲ್ಲದ್ದನ್ನು ಈ ಜಿಲ್ಲೆ ಇನ್ನೂ ವಿದ್ಯೆಯೆಂದು ಎಣಿಸಿಲ್ಲ. ಎಣಿಸುವಷ್ಟರಲ್ಲಿ ಅವರು ನಿಲ್ಲುವ ಜಾಗಗಳೇ ಇಲ್ಲವಾಗುವ ಅಪಾಯವಿದೆ.

ಇವರು ಹೆಚ್ಚಾಗಿ ಕುರುಬರು. ಮರಾಠಿ ಮಾತಾಡುವ ಊರುಗಳಲ್ಲಿ ಧನಗರರು. ಚಿಕ್ಕೋಡಿ, ರಾಯಬಾಗ, ಅಥಣಿ, ಗೋಕಾಕ, ಹುಕ್ಕೇರಿ ಕಡೆಯ ಕುರಿಗಾಹಿ ಕುಟುಂಬಗಳಿಗೆ ಊರಿನಲ್ಲಿ ಮನೆಯುಂಟು, ಮುದುಕರು ಮತ್ತು ಶಾಲೆಗೆ ಹೋಗುವ ಮಕ್ಕಳು ಅಲ್ಲೇ ಉಳಿಯುವುದೂ ಉಂಟು. ಉಳಿದವರು ವರ್ಷದ ಬಹುಪಾಲು ಅಡವಿಯಲ್ಲೇ. ನಾಲ್ಕಾರು ಮನೆಯವರು ಕೂಡಿ ಒಂದು ಹಟ್ಟಿ. ಎಲ್ಲರ ಕುರಿ ಸೇರಿದರೆ ನೂರಾರು, ಕೆಲವೊಮ್ಮೆ ಸಾವಿರ ದಾಟುತ್ತದೆ. 2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿದ್ದ ಕುರಿಗಳು ಸುಮಾರು 1.11 ಕೋಟಿ.

ಖಾನಾಪುರಕ್ಕೆ ಇವರು ಮಳೆ ಮುಗಿದ ಮೇಲೆಯೇ ಬರುವುದಕ್ಕೆ ಕಾರಣವಿದೆ. ತಾಲ್ಲೂಕಿಗೆ ಎರಡು ಮುಖ. ಪಶ್ಚಿಮಕ್ಕೆ ಮಲಪ್ರಭೆ ಹುಟ್ಟುವ ಕಣಕುಂಬಿ, ಜಾಂಬೋಟಿ, ಲೋಂಡಾ ಕಡೆ ಸಹ್ಯಾದ್ರಿಯ ದಟ್ಟ ಕಾಡು, ಜಡಿಮಳೆ. ಪೂರ್ವಕ್ಕೆ ಇಟಗಿ, ಬೀಡಿ, ಪಾರಿಶ್ವಾಡ ಕಡೆ ಬಯಲು ಹೊಲ. ದಖ್ಖನಿ ಕುರಿ ಒಣ ನೆಲದ ಪ್ರಾಣಿ. ಒರಟು ಉಣ್ಣೆಯ ಅದರ ಮೈ ಬಿಸಿಲನ್ನೂ ಚಳಿಯನ್ನೂ ತಾಳುತ್ತದೆ, ಕೆಸರನ್ನು ತಾಳುವುದಿಲ್ಲ. ನೆಲ ಒದ್ದೆಯಿದ್ದರೆ ಗೊರಸಿನ ಸಂದು ಕೊಳೆತು ಕುರಿ ಕುಂಟುತ್ತದೆ. ಆದ್ದರಿಂದ ಮುಂಗಾರಿನಲ್ಲಿ ಒಣಸೀಮೆ, ಸುಗ್ಗಿಯ ನಂತರ ಮಲೆನಾಡಿನ ಸೆರಗು: ಋತು ನೋಡಿ ಕಾಲು ತೆಗೆಯುವ ಲೆಕ್ಕ ಇದು.

ರೈತನಿಗೂ ಕುರಿಗಾಹಿಗೂ ನಡುವೆ ಇರುವ ಒಪ್ಪಂದ ಹಳೆಯದು. ರಾತ್ರಿ ಹೊಲದಲ್ಲಿ ಕುರಿ ತರುಬಬೇಕು, ಅದಕ್ಕೆ ರೈತ ಕಾಳೋ ಕಾಸೋ ಕೊಡಬೇಕು. ಹಿಂಡು ಒಂದೇ ಕಡೆ ಮಲಗಿದರೆ ಹಿಕ್ಕಿಯೂ ಮೂತ್ರವೂ ನೇರವಾಗಿ ಮಣ್ಣಿಗೆ ಸೇರುತ್ತದೆ. ಗೊಬ್ಬರ ಹೇರುವ ಬಂಡಿಯ ಬಾಡಿಗೆಯಿಲ್ಲ, ಚೆಲ್ಲುವ ಕೂಲಿಯಿಲ್ಲ. ಮರುದಿನ ಹಿಂಡಿನ ಸುತ್ತ ಕಟ್ಟಿದ ಬಲೆ ಕಿತ್ತು ಪಕ್ಕದ ಪಟ್ಟಿಗೆ ಹಾಕುತ್ತಾರೆ. ಹೀಗೆ ನಾಲ್ಕೈದು ರಾತ್ರಿಯಲ್ಲಿ ಒಂದು ಹೊಲ ಮುಗಿಯುತ್ತದೆ. ಹಿಕ್ಕಿ ಗೊಬ್ಬರ ನಿಧಾನವಾಗಿ ಕರಗುವುದರಿಂದ ಅದರ ಕಸುವು ಮುಂದಿನ ಬೆಳೆಗೂ ಸಿಗುತ್ತದೆ. ಈ ಒಪ್ಪಂದ ನಡೆಯಬೇಕಾದರೆ ಬಿಡಾರ ಮೇಲಿಂದ ಮೇಲೆ ಕದಲಬೇಕು. ಕದಲಿಸುವುದು ಕುದುರೆ.

ಬೆಳಗಿನ ಹೊತ್ತು ಹಟ್ಟಿ ಏಳುವುದನ್ನು ನಿಂತು ನೋಡಬೇಕು. ಕುರಿ ಮೇವಿಗೆ ಹೊರಟ ಮೇಲೆ ಹೇರು ಹೇರುವ ಕೆಲಸ ಬಹುಮಟ್ಟಿಗೆ ಹೆಂಗಸರದು. ಮೊದಲು ಕುದುರೆಯ ಬೆನ್ನನ್ನು ಕೈಯಿಂದ ಸವರುತ್ತಾರೆ. ಮುಳ್ಳು, ಉಂಡೆಗಟ್ಟಿದ ಕೆಸರು, ಬಾವು ಏನಾದರೂ ಇದ್ದರೆ ಕೈಗೇ ಸಿಗಬೇಕು. ಆಮೇಲೆ ಹಳೆಯ ಕಂಬಳಿ, ಅದರ ಮೇಲೆ ಮಡಚಿದ ಗೋಣಿ. ಎರಡೂ ಮಗ್ಗುಲಿಗೆ ಚೀಲ ಇಳಿಬಿಟ್ಟು, ತುಸು ಹಿಂದೆ ಸರಿದು ನೋಡಿ, ವಾಲಿದ ಕಡೆಯಿಂದ ಒಂದು ಪಾತ್ರೆ ತೆಗೆದು ಈಚೆ ಹಾಕುತ್ತಾರೆ. ಭಾರ ಒಂದು ಬದಿಗೆ ಜಗ್ಗಿದರೆ ಹಗ್ಗ ಉಜ್ಜಿ ಬೆನ್ನು ಹುಣ್ಣಾಗುತ್ತದೆ, ಬೆನ್ನು ಹುಣ್ಣಾದ ಕುದುರೆ ವಾರಗಟ್ಟಲೆ ಹೇರಿಗೆ ಬಾರದು. ಗೂಟ, ಕೋಲುಗಳು ಉದ್ದಕ್ಕೆ, ಹಾಸಿಗೆ ಮೇಲೆ. ಹಿಂದಿನ ರಾತ್ರಿ ಈದ ಮರಿಗಳಿದ್ದರೆ ಅವುಗಳನ್ನು ಜೋಳಿಗೆಯಲ್ಲಿ ತಲೆ ಮಾತ್ರ ಹೊರಗಿರುವಂತೆ ಕೂರಿಸುತ್ತಾರೆ. ಎಲ್ಲಕ್ಕೂ ಮೇಲೆ ಕಾಲು ಕಟ್ಟಿದ ಕೋಳಿ, ಕೆಲವೊಮ್ಮೆ ನಡೆಯಲು ಬಾರದ ಕೂಸು. ಹೊಟ್ಟೆಯ ಕೆಳಗಿನಿಂದ ಬಂದ ಹಗ್ಗವನ್ನು ಮಂಡಿ ಕೊಟ್ಟು ಬಿಗಿಯುವಾಗ ಕುದುರೆ ಉಸಿರು ತುಂಬಿಕೊಂಡು ಹೊಟ್ಟೆ ಉಬ್ಬಿಸುತ್ತದೆ. ಅದು ಗೊತ್ತಿರುವುದರಿಂದ ನಾಲ್ಕು ಹೆಜ್ಜೆ ನಡೆಸಿ ಇನ್ನೊಮ್ಮೆ ಬಿಗಿಯುತ್ತಾರೆ.

ಹೇರುಕುದುರೆಯ ಮೇಲೆ ಅದರ ಮೈತೂಕದ ಐದನೆಯ ಒಂದು ಪಾಲಿಗಿಂತ ಹೆಚ್ಚು ಹೇರಬಾರದೆಂಬುದು ಕುದುರೆ ಸಾಕುವವರೆಲ್ಲ ಪಾಲಿಸಲು ನೋಡುವ ನಿಯಮ. ಇನ್ನೂರೈವತ್ತು ಕಿಲೋದ ತಟ್ಟಿಗೆ ಅದು ಐವತ್ತು ಕಿಲೋ. ಈ ಐವತ್ತು ಕಿಲೋದೊಳಗೆ ಒಂದು ಮನೆ ಹಿಡಿಸಬೇಕು ಎಂದಾಗ ಯಾವುದು ಬೇಕು, ಯಾವುದು ಬೇಡ ಎಂಬ ತೀರ್ಮಾನ ಎಷ್ಟು ನಿಷ್ಠುರವಾಗಿರಬೇಕು ಎಂಬುದು ತಿಳಿಯುತ್ತದೆ.

ಸಂಜೆಯ ಕೆಲಸ ಜಾಗ ಹುಡುಕುವುದು. ನೀರು ಹತ್ತಿರವಿರಬೇಕು, ಆದರೆ ಹಳ್ಳದ ದಂಡೆಯೇ ಆಗಿರಬಾರದು. ತೇವ ಮತ್ತು ಸೊಳ್ಳೆ ಎರಡೂ ಕುರಿಗೆ ಆಗದು. ಸೊಳ್ಳೆಗಿಂತ ಚಿಕ್ಕದಾದ ಒಂದು ನೊಣ ಕಚ್ಚಿ ನೀಲಿ ನಾಲಿಗೆ ರೋಗ ಹರಡುತ್ತದೆ ಎಂದು ಪಶುವೈದ್ಯರು ಹೇಳುವುದೂ ಇದಕ್ಕೆ ಹೊಂದುತ್ತದೆ. ನೆಲ ತುಸು ಇಳಿಜಾರಿದ್ದರೆ ಅಕಾಲದ ಮಳೆ ಬಂದರೂ ನೀರು ನಿಲ್ಲುವುದಿಲ್ಲ. ಜೋಳ ಕೊಯ್ದ ಹೊಲದಲ್ಲಿ ಕೂಳೆ ಮತ್ತೆ ಚಿಗುರಿದೆಯೇ ಎಂದು ನೋಡಿಕೊಳ್ಳಬೇಕು. ಆ ಎಳೆಯ ಚಿಗುರಿನಲ್ಲಿ ಸಯನೈಡ್ ವಿಷವಿರುತ್ತದೆ, ಹಸಿದ ಹಿಂಡು ನುಗ್ಗಿದರೆ ಕುರಿಗಳು ನೋಡನೋಡುತ್ತಲೇ ಬೀಳುತ್ತವೆ. ಊರಂಚಿನ ತೋಟದ ಬೇಲಿಯಲ್ಲಿ ಕಣಗಿಲೆಯಿದ್ದರೆ ಕುದುರೆಯನ್ನು ದೂರ ಕಟ್ಟುತ್ತಾರೆ. ಕಣಗಿಲೆಯ ಎಲೆ ಕುದುರೆಯ ಹೃದಯಕ್ಕೆ ಮಾರಕ. ಖಾನಾಪುರದ ಕಾಡಿನ ಸೆರಗಿನಲ್ಲಾದರೆ ಚಿರತೆಯ, ಬಯಲಿನಲ್ಲಾದರೆ ತೋಳದ ಅಂಜಿಕೆ. ಇಷ್ಟನ್ನೂ ಕತ್ತಲಾಗುವ ಮೊದಲು ನೋಡಿ ಮುಗಿಸಬೇಕು.

ರಾತ್ರಿ ಕುರಿಗೂ ಕುದುರೆಗೂ ಒಂದು ದೊಡ್ಡ ವ್ಯತ್ಯಾಸ. ಕುರಿ ಹಗಲು ಗಬಗಬ ಮೇದದ್ದನ್ನು ರಾತ್ರಿ ಬಲೆಯ ದಡ್ಡಿಯಲ್ಲಿ ಕೂತು ಮೆಲುಕು ಹಾಕುತ್ತದೆ. ಕುದುರೆಗೆ ಮೆಲುಕಿಲ್ಲ. ಅದರ ಹೊಟ್ಟೆ ಚಿಕ್ಕದು, ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಹತ್ತಾರು ತಾಸು ಮೇಯುತ್ತಲೇ ಇರಬೇಕು. ಹಗಲೆಲ್ಲ ಹೇರು ಹೊತ್ತು ನಡೆದ ಕುದುರೆಗೆ ಮೇಯುವ ಹೊತ್ತು ರಾತ್ರಿಯೇ. ಅದಕ್ಕೇ ಮುಂಗಾಲುಗಳೆರಡಕ್ಕೂ ಸಡಿಲವಾಗಿ ಹಗ್ಗ ಕಟ್ಟಿ ಬಿಡುತ್ತಾರೆ. ಗೇಣು ಗೇಣು ಹೆಜ್ಜೆ ಹಾಕುತ್ತ ಹುಲ್ಲು ಹುಡುಕಿಕೊಳ್ಳಬಹುದು, ಓಡಿಹೋಗಲಾಗದು. ಅಮೆರಿಕದ ಕಾಡುಗಳಲ್ಲಿ ಬಿಡಾರ ಹೂಡುವವರೂ ಇದೇ ರೀತಿ ಕುದುರೆಯ ಮುಂಗಾಲು ಕಟ್ಟಿ ಮೇಯಲು ಬಿಡುತ್ತಾರೆ. ಕುದುರೆ ನಿಂತೇ ತೂಗಬಲ್ಲದು, ಮಂಡಿಯ ಕೀಲು ತಾನೇ ಬಿಗಿದುಕೊಳ್ಳುವ ರಚನೆ ಅದರ ಕಾಲಿನಲ್ಲಿದೆ. ಆದರೆ ಗಾಢ ನಿದ್ದೆಗೆ ಸ್ವಲ್ಪ ಹೊತ್ತಾದರೂ ಮಲಗಲೇಬೇಕು. ಅಪಾಯವಿಲ್ಲವೆನಿಸಿದರಷ್ಟೇ ಅದು ಮೈ ನೆಲಕ್ಕೆ ಹಚ್ಚುತ್ತದೆ. ಹಾಗಾಗಿ ಅಡವಿಯ ನಡುವೆ ಕುದುರೆ ಮಲಗಿದೆಯೆಂದರೆ ಹಟ್ಟಿಯವರಿಗೂ ಅದು ನೆಮ್ಮದಿಯ ಸೂಚನೆ. ನಾಯಿ ಬೊಗಳುವ ಮೊದಲೇ ಕುದುರೆಯ ಕಿವಿ ನೆಟ್ಟಗಾಗುತ್ತದೆ.

ದಖ್ಖನಿನ ಈ ತಟ್ಟುಗಳಿಗೆ ದೊಡ್ಡ ಚರಿತ್ರೆಯಿದೆ. ಭೀಮಾ ನದಿಯ ಕಣಿವೆಯ ಭೀಮಥಡಿ ಕುದುರೆ ಮರಾಠ ಅಶ್ವದಳದ ಬೆನ್ನೆಲುಬಾಗಿತ್ತು. ಸೈನ್ಯಗಳು ಕರಗಿದ ಮೇಲೆ ಅದನ್ನು ಉಳಿಸಿದವರು ಅರಸರಲ್ಲ, ಕುರಿಗಾಹಿಗಳು. ಮಹಾರಾಷ್ಟ್ರದ ಧನಗರರು ಅದನ್ನು ಹೇರಿಗೆ ಬಳಸುತ್ತಲೇ ಬಂದರು. 2023–24ರಲ್ಲಿ ಕರ್ನಾಲ್‌ನ ರಾಷ್ಟ್ರೀಯ ಪ್ರಾಣಿ ಆನುವಂಶಿಕ ಸಂಪನ್ಮೂಲ ಕೇಂದ್ರ ಭೀಮಥಡಿಗೆ ಪ್ರತ್ಯೇಕ ತಳಿಯ ಮಾನ್ಯತೆ ಕೊಟ್ಟಿತು. ಮಾನ್ಯತೆ ಬಂದ ಕಾಲ ಮಾತ್ರ ಕುದುರೆಗಳಿಗೆ ಕೆಟ್ಟದ್ದು. ದೇಶದಲ್ಲಿ 2012ರಲ್ಲಿ ಸುಮಾರು 6.25 ಲಕ್ಷ ಇದ್ದ ಕುದುರೆ ಮತ್ತು ತಟ್ಟುಗಳ ಸಂಖ್ಯೆ 2019ರ ಗಣತಿಯಲ್ಲಿ 3.4 ಲಕ್ಷಕ್ಕೆ ಇಳಿಯಿತು. ಏಳೇ ವರ್ಷದಲ್ಲಿ ಅರ್ಧದ ಹತ್ತಿರ ಕಡಿಮೆ.

ಬೆಳಗಾವಿ ಜಿಲ್ಲೆಯ ನೆಲಕ್ಕೆ ಕುದುರೆಯ ಬಿಡಾರಗಳು ಹೊಸವೇನಲ್ಲ. ಖಾನಾಪುರದ ಕಾಡಿನಲ್ಲಿ ಹುಟ್ಟಿದ ಮಲಪ್ರಭೆಯ ದಂಡೆಯಲ್ಲೇ, ಮುನವಳ್ಳಿಯ ಬಳಿ, 1800ರ ಜುಲೈ 30ರಂದು ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿ, ಬಂಡೆದ್ದಿದ್ದ ಧೋಂಡಿಯಾ ವಾಘನ ದಂಡಿನ ಬಿಡಾರದ ಮೇಲೆ ಎರಗಿದ್ದ. ಮುಂದೆ ವಾಟರ್ಲೂದಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಇವನೇ. ಮಳೆಗಾಲದ ತುಂಬು ಹೊಳೆ ಬೆನ್ನಿಗಿದ್ದುದರಿಂದ ಬಿಡಾರದಲ್ಲಿದ್ದವರಿಗೆ ಓಡಲು ದಾರಿಯಿರಲಿಲ್ಲ. ಹೊಳೆಯ ದಂಡೆಗೆ ಅಂಟಿಕೊಂಡು ಬೀಡುಬಿಡಬಾರದೆಂಬ ಕುರಿಗಾಹಿಗಳ ಎಚ್ಚರಕ್ಕೆ ದಂಡಿನ ಇತಿಹಾಸದಲ್ಲೂ ಸಾಕ್ಷಿ ಸಿಗುತ್ತದೆ.

ಅಡವಿಯಲ್ಲಿ ಬಿಡಾರ ಹೂಡುವ ವಿದ್ಯೆ ಹೋರಾಟಕ್ಕೂ ಒದಗಿದ ಉದಾಹರಣೆ ಖಾನಾಪುರ ತಾಲ್ಲೂಕಿನಲ್ಲೇ ಇದೆ. ಕುರುಬರ ಮನೆಯಲ್ಲಿ ಹುಟ್ಟಿದ ಸಂಗೊಳ್ಳಿ ರಾಯಣ್ಣ 1830ರಲ್ಲಿ ಬೀಡಿಯ ಸರ್ಕಾರಿ ಕಚೇರಿಗೆ ಬೆಂಕಿಯಿಟ್ಟು, ಖಾನಾಪುರ ಸುತ್ತಿನ ಗುಡ್ಡ ಕಾಡುಗಳಲ್ಲಿ ಜಾಗ ಬದಲಿಸುತ್ತ ಬ್ರಿಟಿಷರನ್ನು ಕಾಡಿದ. ಸೆರೆಸಿಕ್ಕ ಅವನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ಅವನ ಸಮಾಧಿಯ ಬಳಿಯ ಆಲದ ಮರಕ್ಕೆ ಜನ ಇಂದಿಗೂ ಹರಕೆಯ ತೊಟ್ಟಿಲು ಕಟ್ಟುತ್ತಾರೆ.

ಕುರಿಗಾಹಿಗಳ ದೇವರೂ ಕುದುರೆಯನ್ನು ಬಿಟ್ಟವನಲ್ಲ. ಮೈಲಾರಲಿಂಗ ಕುದುರೆ ಸವಾರ. ಕುರುಬರ ಹೆಣ್ಣನ್ನು ಮದುವೆಯಾದ ದೇವರೆಂದು ಜನಪದ ಅವನನ್ನು ನಂಬುತ್ತದೆ. ಹಟ್ಟಿ ಎಲ್ಲಿದ್ದರೂ ದೀಪಾವಳಿಗೆ ಕುರಿಯ ಪೂಜೆ ತಪ್ಪದು. ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ ಭರತ ಹುಣ್ಣಿಮೆಗೆ ನಡೆಯುವ ಮಾಯಕ್ಕದೇವಿಯ ಜಾತ್ರೆಗೆ ದೂರದ ಹಟ್ಟಿಗಳಿಂದಲೂ ಜನ ಹೋಗಿ ಬರುತ್ತಾರೆ. ಈ ಸೀಮೆಯಲ್ಲಿ ಕುದುರೆಯ ಮೇಲಿನ ಭಕ್ತಿ ಎಷ್ಟು ಆಳವೆಂಬುದು 2021ರ ಮೇ ತಿಂಗಳಲ್ಲಿ ದೇಶಕ್ಕೇ ಗೊತ್ತಾಯಿತು. ಗೋಕಾಕ ತಾಲ್ಲೂಕಿನ ಕೊಣ್ಣೂರಿನ ಮರಡಿಮಠದಲ್ಲಿ, ಕೊರೊನಾ ತೊಲಗಲೆಂದು ದೇವರ ಹೆಸರಿನಲ್ಲಿ ಬಿಟ್ಟಿದ್ದ ಕುದುರೆ ಸತ್ತಾಗ ಲಾಕ್‌ಡೌನ್ ನಡುವೆಯೂ ನೂರಾರು ಜನ ಅದರ ಶವಯಾತ್ರೆಗೆ ಸೇರಿದರು. ಆಡಳಿತ ಊರನ್ನೇ ಸೀಲ್‌ಡೌನ್ ಮಾಡಬೇಕಾಯಿತು. ರೋಗದ ಹೊತ್ತಿನಲ್ಲಿ ಹಾಗೆ ಸೇರಿದ್ದು ತಪ್ಪೇ. ಆ ಭಕ್ತಿಯ ಒಂದು ಪಾಲಾದರೂ ಬದುಕಿರುವ ಕುದುರೆಗಳ ನೀರು ನೆರಳಿಗೆ ಸಂದರೆ ಒಳ್ಳೆಯದಿತ್ತು.

ಕಾಡಿನ ವಿಚಾರ ಸೂಕ್ಷ್ಮವಾದದ್ದು. ಖಾನಾಪುರದ ಭೀಮಗಡ 2011ರಲ್ಲಿ ವನ್ಯಜೀವಿ ಧಾಮವಾಯಿತು. ವಿಸ್ತೀರ್ಣ 190 ಚದರ ಕಿಲೋಮೀಟರ್‌ಗಿಂತ ಸ್ವಲ್ಪ ಹೆಚ್ಚು. ಮಹದಾಯಿ ಹುಟ್ಟುವುದು ಈ ಕಾಡಿನಲ್ಲೇ. ಅಪರೂಪದ ರಾಟನ್ ಬಾವಲಿಗಳಿರುವ ಬಾರಾಪೆಡೆ ಗುಹೆಗಳೂ ಇಲ್ಲಿವೆ. ಧಾಮದಲ್ಲಿ ಉಳಿಯಬೇಕೆನ್ನುವ ಪ್ರವಾಸಿಗಳಿಗೆ ಹೆಮ್ಮಡಗಾದಲ್ಲಿ ಅರಣ್ಯ ಇಲಾಖೆಯ ಪ್ರಕೃತಿ ಶಿಬಿರವಿದೆ. ಧಾಮದ ಒಳಕ್ಕೆ ಕುರಿ ಕುದುರೆ ನುಗ್ಗಿಸುವುದನ್ನು ಯಾರೂ ಸಮರ್ಥಿಸಲಾರರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಅಭಯಾರಣ್ಯದ ಒಳಗೂ ಅದರ ಸುತ್ತಿನ ಐದು ಕಿಲೋಮೀಟರಿನಲ್ಲೂ ಇರುವ ಜಾನುವಾರುಗಳಿಗೆ ಲಸಿಕೆ ಹಾಕಿಸುವ ಹೊಣೆಯನ್ನು ವನ್ಯಜೀವಿ ಅಧಿಕಾರಿಗಳಿಗೆ ಕೊಟ್ಟಿದೆ. ಜಾನುವಾರಿನ ರೋಗ ಕಾಡುಪ್ರಾಣಿಗೆ ಅಂಟಬಾರದು. ಇನ್ನೊಂದು ಕಡೆ, 2006ರ ಅರಣ್ಯ ಹಕ್ಕು ಕಾಯ್ದೆ ಅಲೆಮಾರಿ ಪಶುಪಾಲಕರು ಋತುವಿಗೆ ತಕ್ಕಂತೆ ಕಾಡನ್ನು ಬಳಸುತ್ತ ಬಂದ ಹಕ್ಕನ್ನೂ ಹೆಸರಿಸಿ ಗುರುತಿಸಿದೆ. ಎರಡು ಕಾನೂನುಗಳನ್ನೂ ಕೂಡಿಸಿ ಓದಿದರೆ ದಾರಿ ಕಾಣುತ್ತದೆ: ಧಾಮದ ಒಡಲು ಪ್ರಾಣಿಗಳಿಗೆ, ಸೆರಗಿನಲ್ಲಿ ಗುರುತು ಮಾಡಿದ ತಂಗುದಾಣಗಳು ಹಟ್ಟಿಗಳಿಗೆ, ಎರಡರ ನಡುವೆ ಲಸಿಕೆ.

ಅಮೆರಿಕದವರ ಕುದುರೆ ಶಿಬಿರಗಳಿಂದ ಕಲಿಯಬೇಕಾದದ್ದು ಇದನ್ನೇ. ಅಲ್ಲಿನ ಅನೇಕ ಅರಣ್ಯಗಳಲ್ಲಿ ಕುದುರೆಯನ್ನು ನೀರಿನಿಂದ ಸುಮಾರು 60 ಮೀಟರ್ ದೂರ ಕಟ್ಟಬೇಕೆಂದು ಹೇಳುತ್ತಾರೆ. ಮರದ ಬುಡಕ್ಕೆ ಕಟ್ಟಿದರೆ ಕುದುರೆ ತೊಗಟೆ ಕಡಿಯುತ್ತದೆ, ಕಾಲು ಕೆದರಿ ಬೇರು ತುಳಿಯುತ್ತದೆ. ಆದ್ದರಿಂದ ಎರಡು ಮರಗಳ ನಡುವೆ ತಲೆಗಿಂತ ಎತ್ತರಕ್ಕೆ ಹಗ್ಗ ಎಳೆದು, ತೊಗಟೆಗೆ ಅಗಲವಾದ ಪಟ್ಟಿ ಸುತ್ತಿ, ಆ ಹಗ್ಗಕ್ಕೆ ಕುದುರೆ ಕಟ್ಟುತ್ತಾರೆ. ಹೊರಗಿನ ಕಳೆಬೀಜ ಕಾಡಿಗೆ ಬರಬಾರದೆಂದು ಹಲವೆಡೆ ಪ್ರಮಾಣಪತ್ರವಿರುವ ಹುಲ್ಲನ್ನಷ್ಟೇ ಒಳಗೆ ಬಿಡುತ್ತಾರೆ. ಹೊರಡುವಾಗ ಲದ್ದಿಯನ್ನು ಚೆದುರಿಸಿ ನೆಲವನ್ನು ಸಮ ಮಾಡಬೇಕು. ನಿಯಮ ಬಿಗಿ, ಆದರೆ ಅದರ ಜೊತೆಗೇ ನಿಲ್ಲಲು ಜಾಗ, ನೀರಿನ ತೊಟ್ಟಿ, ನಕ್ಷೆಯಲ್ಲಿ ಗುರುತು ಎಲ್ಲವೂ ಇವೆ. ಹವ್ಯಾಸಕ್ಕೆ ಬರುವವರಿಗೇ ಇಷ್ಟು ವ್ಯವಸ್ಥೆಯಿದ್ದರೆ ಹೊಟ್ಟೆಪಾಡಿಗೆ ಅಲೆಯುವವರಿಗೆ ಇನ್ನೆಷ್ಟು ಬೇಕು!

ಈಗಿರುವ ಸ್ಥಿತಿ ಬೇರೆ. ಬೆಳಗಾವಿ ರಾಜ್ಯದ ದೊಡ್ಡ ಕಬ್ಬಿನ ಜಿಲ್ಲೆ, ಮತ್ತು ಕಬ್ಬು ವರ್ಷವಿಡೀ ಹೊಲದಲ್ಲೇ ನಿಲ್ಲುವ ಬೆಳೆ. ಒಮ್ಮೆ ಕಬ್ಬು ಹೊಕ್ಕ ಹೊಲಕ್ಕೆ ಕುರಿ ತರುಬುವ ಪ್ರಶ್ನೆಯೇ ಇಲ್ಲ. ಊರ ಗೋಮಾಳಗಳಾದ ಗಾಯರಾಣಗಳಲ್ಲಿ ಕಟ್ಟಡಗಳು ಎದ್ದಿವೆ, ಉಳಿದ ಕಡೆ ಒತ್ತುವರಿ. ಬೆಳಗಾವಿಯಿಂದ ಖಾನಾಪುರ, ಲೋಂಡಾ ಹಾದು ಗೋವಾಕ್ಕೆ ಹೋಗುವ 748ನೆಯ ರಾಷ್ಟ್ರೀಯ ಹೆದ್ದಾರಿಯಂಥ ರಸ್ತೆಯನ್ನು ಹಿಂಡು ದಾಟಿಸುವುದು ಜೀವ ಕೈಯಲ್ಲಿ ಹಿಡಿದ ಕೆಲಸ. ಲಾರಿಯ ಹಾರ್ನಿಗೆ ಬೆದರಿದ ಹೇರುಕುದುರೆ ಎತ್ತ ಹಾರುತ್ತದೋ ಹೇಳಲಾಗದು. ರಾತ್ರಿ ಕುರಿ ಕಳ್ಳರ ಕಾಟ ಬೇರೆ. ಉಣ್ಣೆಗೆ ಬೆಲೆಯಿಲ್ಲ. ಹೀಗಾಗಿ ಎಷ್ಟೋ ಹಟ್ಟಿಗಳು ಕುದುರೆ ಬಿಟ್ಟು ಗೂಡ್ಸ್ ಟೆಂಪೊ ಹಿಡಿದಿವೆ. ಅದರಲ್ಲಿ ತಪ್ಪು ಹುಡುಕುವ ಹಕ್ಕು ಯಾರಿಗೂ ಇಲ್ಲ. ಬಿಸಿಲಲ್ಲಿ ಕೂಸು ಕಟ್ಟಿಕೊಂಡು ನಡೆಯುವ ತಾಯಿಗೆ ಟೆಂಪೊ ಸುಖವೇ. ಆದರೆ ಟೆಂಪೊ ಹೋಗುವುದು ರಸ್ತೆಯಿರುವಲ್ಲಿಗೆ ಮಾತ್ರ. ಗದ್ದೆಯ ಬದು, ಗುಡ್ಡದ ಓರೆ, ಹಳ್ಳದಾಚೆಯ ಪಟ್ಟಿ ಕುದುರೆಗಷ್ಟೇ ಸಿಗುವ ದಾರಿಗಳು, ಅಲ್ಲಿನ ರೈತರಿಗೆ ಹಿಕ್ಕಿ ಗೊಬ್ಬರ ಮುಟ್ಟುವುದೂ ಆ ದಾರಿಯಿಂದಲೇ.

ಬೆಳಗಾವಿ ನಗರಕ್ಕೆ ಈ ವಿಷಯ ಅಪರಿಚಿತವಲ್ಲ. 2023ರ ಅಕ್ಟೋಬರಿನಲ್ಲಿ ಕುರುಬ ಸಮುದಾಯದ ರಾಷ್ಟ್ರೀಯ ಸಮಾವೇಶ ಇಲ್ಲೇ ನಡೆಯಿತು. ಪ್ರತಿ ಚಳಿಗಾಲದಲ್ಲಿ ಹಲಗಾ ಬಳಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಕೂಡುವ ಹೊತ್ತಿಗೆ ಹಟ್ಟಿಗಳು ಹತ್ತಿರದ ಖಾನಾಪುರದಲ್ಲೇ ಬೀಡುಬಿಟ್ಟಿರುತ್ತವೆ. ವಲಸೆ ಕುರಿಗಾಹಿಗಳ ರಕ್ಷಣೆಗೆ ಪ್ರತ್ಯೇಕ ಕಾನೂನಿನ ಮಾತು ಈಚಿನ ವರ್ಷಗಳಲ್ಲಿ ಸರ್ಕಾರದ ಮಟ್ಟಕ್ಕೂ ಮುಟ್ಟಿದೆ. 2026ನ್ನು ವಿಶ್ವಸಂಸ್ಥೆ ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿದೆ.

ಮಾಡಬೇಕಾದ ಕೆಲಸ ಕೋಟಿಗಟ್ಟಲೆ ರೂಪಾಯಿಯದಲ್ಲ. ಹಿಂಡುಗಳು ವರ್ಷ ವರ್ಷವೂ ತುಳಿಯುವ ದಾರಿಯನ್ನು ಹಟ್ಟಿಯವರನ್ನೇ ಕೇಳಿ ನಕ್ಷೆಗೆ ಇಳಿಸಬೇಕು. ಆ ದಾರಿಯಲ್ಲಿ ಉಳಿದಿರುವ ಗಾಯರಾಣದಲ್ಲಿ ಎಕರೆಗಟ್ಟಲೆಯಲ್ಲದಿದ್ದರೂ ಒಂದು ರಾತ್ರಿ ನಿಲ್ಲುವಷ್ಟು ಜಾಗವನ್ನು ಗ್ರಾಮ ಪಂಚಾಯಿತಿಗಳು ಕಾಯ್ದಿಡಬೇಕು. ಪಕ್ಕದಲ್ಲೊಂದು ನೀರಿನ ತೊಟ್ಟಿ ಇರಬೇಕು. ಪಶುವೈದ್ಯರು ಊರಿನ ದಾಖಲೆ ಕೇಳದೆ ಹಿಂಡಿರುವಲ್ಲಿಗೇ ಬಂದು ಲಸಿಕೆ ಹಾಕಬೇಕು, ಕುರಿಯ ಜೊತೆಗೆ ಕುದುರೆಯ ಬೆನ್ನನ್ನೂ ಗೊರಸನ್ನೂ ನೋಡಬೇಕು. ಖಾನಾಪುರದಲ್ಲಿ ಪ್ರವಾಸಿಗಳಿಗಾಗಿ ಕುದುರೆ ಶಿಬಿರ ನಡೆಸುವ ಯೋಚನೆ ಯಾರಿಗಾದರೂ ಬಂದರೆ, ಜಾಗ ಆರಿಸುವುದಕ್ಕೂ ಹೇರು ಕಟ್ಟುವುದನ್ನು ಕಲಿಸುವುದಕ್ಕೂ ಸಂಬಳ ಕೊಟ್ಟು ಕರೆಯಬೇಕಾದವರು ಈ ಹೆಂಗಸರು ಮತ್ತು ಗಂಡಸರು. ಭರತ ಹುಣ್ಣಿಮೆ ಕಳೆದು ಬಿಸಿಲು ಏರಿದ ಮೇಲೆ ಹಟ್ಟಿಗಳು ಒಂದೊಂದಾಗಿ ಪೂರ್ವಕ್ಕೆ ತಿರುಗುತ್ತವೆ. ಅವರೊಡನೆ ಕೂತು ಮಾತಾಡಲು ಡಿಸೆಂಬರಿನಿಂದ ಫೆಬ್ರುವರಿವರೆಗೆ ಸಮಯವಿದೆ.